ಹಾಡಿನ ಬೆನ್ನು ಹಿಡಿದ ಚಿತ್ರ

(ಬಾನುಲಿ ಭಾಷಣ)



ಕಣ್ಣಿಗೆ ಗೋಚರವಾಗುವ ಒಂದು ಕಲೆಯನ್ನು ಕುರಿತು, ಕಿವಿಗೆ ಮಾತ್ರ ತಲಪುವ ಒಂದು ಸಾಧನದ ಮೂಲಕ ಮಾತನಾಡಹೊರಡುವುದು ಮೇಲ್ನೋಟಕ್ಕೆ ಸ್ವಲ್ಪ ವಿಪರೀತವಾಗಿಯೇ ತೋರಬಹುದು. ಅದರಲ್ಲಿಯೂ, 1981ನೆಯ ಇಸವಿಯ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ವಾಹಿನಿಯು ಹಗಲಿರುಳೂ ಹಾಡುಗಳ ಚಿತ್ರಗಳನ್ನೇ ತೋರಿಸುವ ಸಂಕಲ್ಪದಿಂದ ಹುಟ್ಟಿಕೊಂಡಾಗ, ಅದು ಪ್ರಪ್ರಥಮವಾಗಿ ಬಿತ್ತರಿಸಿದ್ದು ರೇಡಿಯೋದ ತಾರೆಯನ್ನು ವೀಡಿಯೊ ಕೊಂದುಹಾಕಿತೆಂದು ಸಾರುವ, ಬಗಲ್ಸ್ ಎಂಬ ಇಂಗ್ಲಿಷ್ ತಂಡದ ಹಾಡನ್ನೇ ಎಂಬುದನ್ನು ನೆನೆದರೆ, ಬಾನುಲಿಯಲ್ಲಿ ಕುಳಿತು ಆ ಕೊಲೆಗಾರನ ಗುಣಕಥನ ಮಾಡುವುದು ಔದಾರ್ಯವೋ ಅವಿವೇಕವೋ ಎಂಬ ಸಂದೇಹ ಯಾರಿಗಾದರೂ ಬಂದೀತು. ಕೊಲೆಗೆ ಈಡಾದ ಪಕ್ಷವು ಈ ಹೊತ್ತಿಗೂ ಮಾತನಾಡುತ್ತಲೇ ಇರುವುದರಿಂದ ಆ ಹಳೆಯ ಆರೋಪವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಅಲ್ಲದೆ, ಮ್ಯೂಸಿಕ್ ವೀಡಿಯೊ ಎಂದು ಜಗತ್ತೆಲ್ಲ ಕರೆಯುವ ಈ ಗೀತಚಿತ್ರಗಳ ಗುಣಾವಗುಣಗಳನ್ನು ಕಟ್ಟಕಡೆಗೆ ನಿರ್ಣಯಿಸಬೇಕಾದದ್ದು ಕಿವಿಯೇ ಎಂಬುದು ನನ್ನ ಅಭಿಪ್ರಾಯವಾದ್ದರಿಂದ, ಬಾನುಲಿ ಈ ವಿಚಾರಕ್ಕೆ ಅನುಚಿತವಾದ ವೇದಿಕೆಯೇನೂ ಅಲ್ಲ.

ಮೊದಲು ಈ ಕಲೆಯ ಹುಟ್ಟಿನಲ್ಲಿಯೇ ಇರುವ ಒಂದು ವಿಲಕ್ಷಣತೆಯನ್ನು ಗಮನಿಸೋಣ. ಕಥಾಚಿತ್ರಗಳಲ್ಲಿ ಹಿನ್ನೆಲೆಯ ಸಂಗೀತವೆಂಬುದು ಸಾಮಾನ್ಯವಾಗಿ ಚಿತ್ರವೆಲ್ಲ ಸಿದ್ಧವಾದ ಮೇಲೆ ಅದರ ಅಳತೆಗೆ ತಕ್ಕಂತೆ ರಚಿತವಾಗುವಂಥದು. ದೃಶ್ಯ ಹತ್ತು ಕ್ಷಣ ಹಿಗ್ಗಿದರೆ ಸಂಗೀತವೂ ಹತ್ತು ಕ್ಷಣ ಹಿಗ್ಗುತ್ತದೆ. ಗೀತಚಿತ್ರದಲ್ಲಿ ಈ ಕ್ರಮ ತಲೆಕೆಳಗು. ಹಾಡು ಧ್ವನಿಮುದ್ರಣಾಲಯದಲ್ಲಿ ಸರ್ವಾಂಗಪರಿಪೂರ್ಣವಾಗಿ ಸಿದ್ಧವಾಗಿ, ಮೂರೋ ನಾಲ್ಕೋ ನಿಮಿಷಗಳ ಎಲ್ಲೆಯನ್ನು ತಾನೇ ಕಟ್ಟಿಕೊಂಡು ನಿರ್ದೇಶಕನ ಕೈಗೆ ಬರುತ್ತದೆ. ಆತ ಅದರಲ್ಲಿ ಒಂದು ಪೆಟ್ಟನ್ನು ಹೆಚ್ಚಿಸಲಾರ, ಒಂದು ಸ್ವರವನ್ನು ತಡೆದು ನಿಲ್ಲಿಸಲಾರ. ನಮ್ಮ ಕನ್ನಡ ಚಲಚ್ಚಿತ್ರಗಳ ಹಾಡುಗಳಿಗೂ ಇದೇ ಕ್ರಮವಷ್ಟೆ, ಹಾಡು ಮೊದಲು, ಚಿತ್ರೀಕರಣ ಆಮೇಲೆ, ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನಿಜವೇ. ಆದರೆ ನಮ್ಮ ಸಿನಿಮಾ ಹಾಡಿಗೆ ಹಿಂದೊಂದು ಕಥೆ, ಮುಂದೊಂದು ಕಥೆ ಇರುತ್ತದೆ. ನಾಯಕ ನಾಯಕಿಯರು ಯಾರು, ಅವರಿಗೆ ಏನು ಕಷ್ಟ ಬಂದಿದೆ ಎಂಬುದನ್ನು ಬಲ್ಲ ಪ್ರೇಕ್ಷಕನೇ ಹಾಡನ್ನು ನೋಡುತ್ತಾನೆ. ಪಾಪ್ ಗೀತಚಿತ್ರಕ್ಕೆ ಆ ಆಸರೆಯಿಲ್ಲ. ಅದರ ಬೆನ್ನ ಹಿಂದೆ ನಿಂತಿರುವುದು ಗ್ರಾಮಫೋನ್ ತಟ್ಟೆ ಮಾರುವ ಕಂಪನಿ. ಆ ಕಂಪನಿಗೆ ಬೇಕಾದದ್ದು ಗಾಯಕನ ಮುಖ ಜನರ ನೆನಪಿನಲ್ಲಿ ನಿಲ್ಲುವುದು. ಹೀಗೆ ಹಾಡೊಂದು, ವ್ಯಾಪಾರವೊಂದು, ಇಬ್ಬರು ಯಜಮಾನರಿಗೆ ಊಳಿಗ ಮಾಡುತ್ತ ಬೆಳೆದ ಕಲೆ ಇದು. ಇದರ ಬಹುಪಾಲು ಸಂಪ್ರದಾಯಗಳು ಆ ಇಬ್ಬರ ಅಪ್ಪಣೆಗಳಿಂದಲೇ ಹುಟ್ಟಿದವು.

ಹುಟ್ಟು ಎಂಟಿವಿಗಿಂತ ಬಹಳ ಹಿಂದಿನದು. 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಪಕ್ಕದ ಓಣಿಯೊಂದರಲ್ಲಿ ಡಿ. ಎ. ಪೆನ್ನೆಬೇಕರ್ ಎಂಬ ಸಾಕ್ಷ್ಯಚಿತ್ರಕಾರನು ಬಾಬ್ ಡಿಲನ್‌ನನ್ನು ನಿಲ್ಲಿಸಿ, ಹಾಡು ಮೊಳಗುತ್ತಿರಲು ಅವನು ತುಟಿಯನ್ನೇ ಅಲುಗಿಸದೆ, ಹಾಡಿನ ಪದಗಳನ್ನು ಬರೆದ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ತೋರಿಸಿ ತೋರಿಸಿ ನೆಲಕ್ಕೆ ಬಿಸುಡುವಂತೆ ಚಿತ್ರಿಸಿದನು. 1967ರಲ್ಲಿ ಬೀಟಲ್ಸ್ ತಂಡದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿಗೆ ಪೀಟರ್ ಗೋಲ್ಡ್‌ಮನ್ ಎಂಬ ಸ್ವೀಡನ್ನಿನ ನಿರ್ದೇಶಕನು ಕೆಂಟ್ ಪ್ರಾಂತದ ನೋಲ್ ಉದ್ಯಾನದಲ್ಲಿ ತೆಗೆದ ಚಿತ್ರದಲ್ಲಿಯೂ ಯಾರೂ ಹಾಡುವಂತೆ ನಟಿಸುವುದಿಲ್ಲ; ಫಿಲ್ಮನ್ನು ಹಿಂದುಮುಂದಾಗಿ ಓಡಿಸಿ, ನೆಲದಿಂದ ಮರಕ್ಕೆ ಮನುಷ್ಯನನ್ನು ನೆಗೆಸಿ, ಕನಸಿನ ತರ್ಕವನ್ನು ಅದರಲ್ಲಿ ತಂದರು. ಈ ಎರಡನ್ನೂ ನೋಡಿದರೆ, ಮುಂದೆ ಕಡ್ಡಾಯವೆಂಬಂತಾದ ತುಟಿಯ ಆಟವು ಆರಂಭದಲ್ಲಿ ಕಡ್ಡಾಯವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈಗ ಆ ತುಟಿಯ ವಿಚಾರವನ್ನೇ ಹಿಡಿಯೋಣ. ಯಕ್ಷಗಾನವನ್ನು ನೋಡಿ ಬೆಳೆದ ನಮಗೆ ಕಂಠ ಒಬ್ಬರದು, ಕಾಯ ಒಬ್ಬರದು ಎಂಬುದು ಆಶ್ಚರ್ಯದ ಸಂಗತಿಯಲ್ಲ. ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ, ರಸಕ್ಕೆ ಭಂಗವೇನೂ ಬರುವುದಿಲ್ಲ. ಪಿ. ಬಿ. ಶ್ರೀನಿವಾಸರ ಕಂಠಕ್ಕೆ ರಾಜಕುಮಾರರು ತುಟಿಗೂಡಿಸಿದಾಗ ಅದು ಇಬ್ಬರ ಕೆಲಸವೆಂದು ಬಲ್ಲವರೂ ಅದನ್ನು ಒಬ್ಬರದೆಂದೇ ಅನುಭವಿಸಿದರು. ಪಾಶ್ಚಾತ್ಯ ಪಾಪ್ ಸಂಗೀತದ ನಡತೆ ಬೇರೆ. ಅಲ್ಲಿ ಹಾಡಿದವನೇ ಕಾಣಬೇಕು, ಕಂಡವನೇ ಹಾಡಿರಬೇಕು. ಕಂಠಕ್ಕೂ ಮುಖಕ್ಕೂ ಭೇದವಿಲ್ಲವೆಂಬ ನಂಬಿಕೆಯೇ ಅಲ್ಲಿಯ ವ್ಯಾಪಾರದ ಬಂಡವಾಳ. ಆದರೆ ಚಿತ್ರೀಕರಣದ ಅಂಗಳಕ್ಕೆ ಹೋಗಿ ನೋಡಿದರೆ, ದೊಡ್ಡ ಧ್ವನಿವರ್ಧಕದಿಂದ ಮುದ್ರಿತ ಹಾಡು ಮೊಳಗುತ್ತಿರುತ್ತದೆ, ಗಾಯಕನು ತನ್ನ ಕಂಠಕ್ಕೆ ತಾನೇ ತುಟಿ ಕೊಡುತ್ತಿರುತ್ತಾನೆ. ತನ್ನ ಹಾಡಿಗೆ ತಾನೇ ವೇಷಧಾರಿಯಾದವನ ಈ ಸ್ಥಿತಿಯು ವಿಚಿತ್ರವಾದದ್ದು. ಹಲವು ಗೀತಚಿತ್ರಗಳಲ್ಲಿ ಗಾಯಕರ ಕಣ್ಣಿನಲ್ಲಿ ಕಾಣುವ ಒಂದು ಬಗೆಯ ಅನ್ಯಮನಸ್ಕತೆಗೆ ಇದೇ ಕಾರಣವಿದ್ದೀತೆಂದು ನನಗೆ ಅನೇಕ ವೇಳೆ ತೋರಿದೆ.

ಈ ತುಟಿಯ ನಿರ್ಬಂಧದಿಂದಲೇ ಒಂದೆರಡು ಚಮತ್ಕಾರಗಳೂ ಹುಟ್ಟಿವೆ. ಗೀತಚಿತ್ರಗಳಲ್ಲಿ ಗಾಯಕನು ಸಮುದ್ರತೀರದಲ್ಲಿ ನಡೆದುಬರುತ್ತಾನೆ. ಅಲೆ, ಕೂದಲು, ಅಂಗಿಯ ಅಂಚು ಎಲ್ಲವೂ ನಿಧಾನಗತಿಯಲ್ಲಿ ತೇಲುತ್ತಿರುತ್ತವೆ. ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದಿಕೊಂಡಿರುತ್ತದೆ. ಕೋಲ್ಡ್‌ಪ್ಲೇ ತಂಡದ 'ಯೆಲ್ಲೊ' ಎಂಬ 2000ದ ಹಾಡಿನಲ್ಲಿ ಇದನ್ನು ಕಾಣಬಹುದು. ಇದರ ತಂತ್ರ ಸರಳವಾದದ್ದು. ಸೆಕೆಂಡಿಗೆ 24 ಫ್ರೇಮುಗಳ ಬದಲು ಅದಕ್ಕೆ ಎರಡರಷ್ಟು ಫ್ರೇಮುಗಳನ್ನು ಹಿಡಿಯುವಂತೆ ಕ್ಯಾಮರಾವನ್ನು ಓಡಿಸಿ, ಹಾಡನ್ನೂ ಇಮ್ಮಡಿ ವೇಗದಲ್ಲಿ ನುಡಿಸುತ್ತಾರೆ. ಗಾಯಕನು ಆ ಅವಸರದ, ಇಲಿಯ ಕೀರಲಿನಂಥ ಧ್ವನಿಗೆ ತುಟಿ ಆಡಿಸುತ್ತಾನೆ. ಚಿತ್ರವನ್ನು ಸಹಜ ವೇಗಕ್ಕೆ ಇಳಿಸಿದಾಗ ತುಟಿ ಹಾಡಿಗೆ ಕೂಡಿಕೊಳ್ಳುತ್ತದೆ, ಉಳಿದ ಲೋಕವೆಲ್ಲ ಅರ್ಧವೇಗಕ್ಕೆ ಇಳಿಯುತ್ತದೆ. ಅಂತರ್ಮುಖಿಯಾದ ಗಾಯಕ, ಅವನ ಸುತ್ತ ಕಾಲವೇ ಮಂದಗೊಂಡಂತಿರುವ ಪ್ರಪಂಚ, ಎಂಬ ಭಾವವು ಈ ಸಣ್ಣ ಲೆಕ್ಕಾಚಾರದಿಂದ ಉಂಟಾಗುವಂಥದು. ಅದೇ ತಂಡದ 'ದಿ ಸೈಂಟಿಸ್ಟ್' ಎಂಬ 2002ರ ಹಾಡಿನಲ್ಲಿ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಹಿಂದುಮುಂದಾಗಿ ಉಚ್ಚರಿಸುವುದನ್ನು ಕಲಿಯಬೇಕಾಯಿತು. ಚಿತ್ರವನ್ನು ತಿರುಗಿಸಿ ಓಡಿಸಿದಾಗ ಮಾತು ಮುಂದಕ್ಕೆ ಬರುತ್ತದೆ, ಮನುಷ್ಯ ಮಾತ್ರ ಹಿಂದಕ್ಕೆ ನಡೆಯುತ್ತಾನೆ, ಒಡೆದ ಕಾರಿನ ಗಾಜು ಮತ್ತೆ ಕೂಡಿಕೊಳ್ಳುತ್ತದೆ. ಆದದ್ದನ್ನು ಆಗದಂತೆ ಮಾಡಬೇಕೆಂಬ ಹಂಬಲವೇ ಆ ಹಾಡಿನ ಜೀವವಾದ್ದರಿಂದ, ಅಲ್ಲಿ ತಂತ್ರವು ಬರಿಯ ತಂತ್ರವಾಗಿ ಉಳಿಯಲಿಲ್ಲ.

ತುಟಿಯ ಬಳಿಕ ತಾಳ. ನಿಮಿಷಕ್ಕೆ 120 ಪೆಟ್ಟುಗಳ ಹಾಡೆಂದರೆ ಪೆಟ್ಟಿಗೆ ಅರ್ಧ ಸೆಕೆಂಡು, ಎಂದರೆ 12 ಫ್ರೇಮು. ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ 48 ಫ್ರೇಮು. ಸಂಕಲನಕಾರನು ಈ ಕೋಷ್ಟಕವನ್ನು ಮುಂದಿಟ್ಟುಕೊಂಡು ದೃಶ್ಯಗಳನ್ನು ಕತ್ತರಿಸುತ್ತಾನೆ. ಪ್ರತಿಯೊಂದು ಪೆಟ್ಟಿಗೂ ಒಂದೊಂದು ಕಟ್ ಮಾಡುವುದು ಅತ್ಯಂತ ಸುಲಭ, ಅತ್ಯಂತ ನೀರಸ. ಒಂದೇ ನಿಮಿಷದಲ್ಲಿ ಕಣ್ಣು ಅದಕ್ಕೆ ಒಗ್ಗಿ, ಬೇಸತ್ತು, ನೋಡುವುದನ್ನೇ ಬಿಡುತ್ತದೆ. ಬಲ್ಲವರು ಒಮ್ಮೆ ಪೆಟ್ಟಿಗೆ ಸರಿಯಾಗಿ, ಒಮ್ಮೆ ಪೆಟ್ಟಿಗಿಂತ ಒಂದು ಎಳೆ ಮುಂಚಿತವಾಗಿ, ಒಮ್ಮೆ ಇಡೀ ಆವರ್ತವನ್ನು ಕಾಯಿಸಿ ಕತ್ತರಿಸುತ್ತಾರೆ. ನಮ್ಮ ಸಂಗೀತದಲ್ಲಿ ಅತೀತ ಅನಾಗತ ಎಡುಪುಗಳನ್ನು ಬಲ್ಲ ಕಿವಿಗೆ ಇದರ ರುಚಿ ಬೇಗ ಹತ್ತುತ್ತದೆ. ಚರಣದಲ್ಲಿ ದೀರ್ಘವಾದ ಶಾಟುಗಳು, ಪಲ್ಲವಿ ಬಂದೊಡನೆ ಬೆಳಕು ಹೆಚ್ಚಿ ಕಟ್‌ಗಳು ದಟ್ಟವಾಗುವುದು, ಕೊನೆಯ ಪಲ್ಲವಿಗೆ ಮಳೆಯೋ ಬೆಂಕಿಯೋ ಜನಸಂದಣಿಯೋ ಬಂದು ಸೇರುವುದು, ಇವೆಲ್ಲ ಇಂದಿಗೂ ನಡೆದುಬಂದಿರುವ ವಾಡಿಕೆ. ಇದಕ್ಕೆ ಪ್ರತಿಯಾಗಿ ಒಂದೂ ಕಟ್ ಇಲ್ಲದೆ ಒಂದೇ ಉಸಿರಿನಲ್ಲಿ ತೆಗೆಯುವ ಪಂಥವೊಂದಿದೆ. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದ ಹಾಡೊಂದಕ್ಕೆ ಗಾಯಕಿ ಶಾರಾ ನೆಲ್ಸನ್ ಲಾಸ್ ಏಂಜಲೀಸಿನ ಬೀದಿಯೊಂದರಲ್ಲಿ ಸುತ್ತಲ ಜನರನ್ನು ಕಂಡೂ ಕಾಣದವಳಂತೆ ಹಾಡುತ್ತ ನಡೆದುಹೋಗುತ್ತಾಳೆ; ಕ್ಯಾಮರಾ ಅವಳನ್ನು ಬಿಡದೆ ಅನುಸರಿಸುತ್ತದೆ. 2006ರಲ್ಲಿ ಓಕೆ ಗೋ ತಂಡದ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದದ್ದೂ ಇದೇ ಜಾತಿಯದು, ವಿನೋದದ ಶಾಖೆ.

ಮಾತಿಗೂ ಚಿತ್ರಕ್ಕೂ ಇರುವ ಸಂಬಂಧ ಇನ್ನೂ ಸೂಕ್ಷ್ಮವಾದದ್ದು. ಆಂಡ್ರೂ ಗುಡ್ವಿನ್ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಚಿತ್ರವು ಹಾಡಿನ ಅರ್ಥವನ್ನು ಇದ್ದಂತೆ ತೋರಿಸುವುದುಂಟು, ಅದಕ್ಕೆ ಹೊಸ ಅರ್ಥಗಳನ್ನು ಕೂಡಿಸಿ ಬೆಳೆಸುವುದುಂಟು, ಅದಕ್ಕೆ ಸಂಬಂಧವಿಲ್ಲದೆಯೋ ವಿರುದ್ಧವಾಗಿಯೋ ನಡೆಯುವುದುಂಟು ಎಂದು ವಿಂಗಡಿಸಿದ್ದಾರೆ. ನಮ್ಮ ನಾಟ್ಯಪರಂಪರೆಯಲ್ಲಿ ಬೆಳೆದವರಿಗೆ ಈ ವಿಂಗಡಣೆ ಅಪರಿಚಿತವಲ್ಲ. ಕಮಲ ಎಂದರೆ ಕಮಲದ ಹಸ್ತ, ಕಣ್ಣು ಎಂದರೆ ಕಣ್ಣಿನ ಕಡೆಗೆ ಬೆರಳು ಎಂದು ಪದಪದಕ್ಕೂ ಮುದ್ರೆ ಹಿಡಿಯುವ ಅಭಿನಯವೊಂದು. ಸಾಲು ಮತ್ತೆ ಮತ್ತೆ ಬಂದಂತೆಲ್ಲ ಹೊಸ ಹೊಸ ಸಂಚಾರಿಗಳಿಂದ ಅದರ ಒಡಲನ್ನು ಬಿಚ್ಚಿ ತೋರಿಸುವ ಅಭಿನಯ ಇನ್ನೊಂದು. ಮೈಸೂರಿನ ವೆಂಕಟಲಕ್ಷಮ್ಮನವರಂಥವರ ಕೀರ್ತಿ ಈ ಎರಡನೆಯದರ ಮೇಲೆ ನಿಂತದ್ದು. ಪಾಪ್ ಹಾಡಿನ ಪಲ್ಲವಿಯೂ ನಾಲ್ಕೈದು ಬಾರಿ ಮರಳಿ ಬರುವಂಥದೇ. ಆದರೂ 'ಮಳೆ' ಎಂಬಲ್ಲಿ ಮಳೆಯನ್ನೂ 'ಹೃದಯ ಒಡೆಯಿತು' ಎಂಬಲ್ಲಿ ಒಡೆದ ಗಾಜನ್ನೂ ತೋರಿಸಿ ಕೃತಾರ್ಥರಾಗುವ ನಿರ್ದೇಶಕರ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ದೊಡ್ಡದು. ಇಂಥವರ ಕೈಯಲ್ಲಿ ಹಾಡು ಬೆಳೆಯುವುದರ ಬದಲು ಕುಗ್ಗುತ್ತದೆ. ಕೇಳುಗನು ತನ್ನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಳೆ ಅಳಿಸಿಹೋಗಿ ಅವರ ಕೊಳಾಯಿಯ ಮಳೆ ಉಳಿಯುತ್ತದೆ.

ವಿರೋಧದ ದಾರಿಗೆ ಒಳ್ಳೆಯ ನಿದರ್ಶನ ಮಡೋನಾ ಎಂಬಾಕೆಯ 'ಮೆಟೀರಿಯಲ್ ಗರ್ಲ್', ಮೇರಿ ಲ್ಯಾಂಬರ್ಟ್ 1985ರಲ್ಲಿ ನಿರ್ದೇಶಿಸಿದ್ದು. ಹಾಡಿನ ಮಾತು ಹಣವೇ ಸರ್ವಸ್ವವೆಂದು ಸಾರುತ್ತದೆ. ವೇದಿಕೆಯ ಮೇಲೆ ಆಕೆ 1953ರ 'ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್' ಚಿತ್ರದ ಮರಿಲಿನ್ ಮನ್ರೋಳಂತೆಯೇ ಗುಲಾಬಿ ಬಣ್ಣದ ಉಡುಪಿನಲ್ಲಿ ವಜ್ರಗಳ ನಡುವೆ ಕುಣಿಯುತ್ತಾಳೆ. ಆದರೆ ಆ ಕುಣಿತದ ಸುತ್ತ ಇನ್ನೊಂದು ಪುಟ್ಟ ಕಥೆಯಿದೆ. ಅದರಲ್ಲಿ ಅವಳ ಮನಸ್ಸನ್ನು ಗೆಲ್ಲುವವನು ಬಡವನಂತೆ ನಟಿಸಿ, ಹಳೆಯ ಟ್ರಕ್ಕೊಂದರಲ್ಲಿ ಬಂದು, ಸಾಧಾರಣ ಹೂಗಳನ್ನು ಕೊಟ್ಟವನು, ವಾಸ್ತವವಾಗಿ ಶ್ರೀಮಂತ. ಹಾಡು ಹೇಳಿದ್ದನ್ನು ಕಥೆ ಅಲ್ಲಗಳೆಯುತ್ತದೆ, ಕಥೆ ಹೇಳಿದ್ದನ್ನು ಆ ಮನುಷ್ಯನ ಗುಟ್ಟಿನ ಐಶ್ವರ್ಯ ಮತ್ತೆ ಅಲ್ಲಗಳೆಯುತ್ತದೆ. ಹಳೆಯ ಚಿತ್ರಗಳಿಂದ ಕಡ ತರುವುದೂ ಈ ಕಲೆಯ ಒಂದು ರೂಢಿ. ಕಡ ತಂದದ್ದನ್ನು ಬಡ್ಡಿಸಹಿತ ತೀರಿಸಿದ ಅಪರೂಪದ ಉದಾಹರಣೆ ಇದು.

ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸೊಡಿ'ಯ ಕಡದ ಕಥೆ ಇನ್ನೂ ಉದ್ದವಾದದ್ದು. 1932ರ 'ಶಾಂಘೈ ಎಕ್ಸ್‌ಪ್ರೆಸ್' ಎಂಬ ಚಲಚ್ಚಿತ್ರದ ಕಾಲದ ನಟಿ ಮಾರ್ಲೀನ್ ಡೀಟ್ರಿಚ್‌ಳ ಒಂದು ಛಾಯಾಚಿತ್ರ: ಕತ್ತಲಿನಿಂದ ಎದ್ದುಬಂದ ಮುಖ, ಎದೆಯ ಮೇಲೆ ಮಡಿಸಿಟ್ಟ ಕೈಗಳು. ಅದನ್ನು ನೋಡಿ ಮಿಕ್ ರಾಕ್ ಎಂಬ ಛಾಯಾಗ್ರಾಹಕನು 1974ರಲ್ಲಿ ಆ ತಂಡದ ಎರಡನೆಯ ಆಲ್ಬಮ್ಮಿನ ಹೊದಿಕೆಗೆ ನಾಲ್ವರ ಮುಖಗಳನ್ನು ವಜ್ರಾಕೃತಿಯಲ್ಲಿ ಜೋಡಿಸಿದನು. 1975ರಲ್ಲಿ ಬ್ರೂಸ್ ಗವರ್ಸ್ ಎಂಬ ನಿರ್ದೇಶಕನು ಎಲ್‌ಸ್ಟ್ರೀಯಲ್ಲಿ ಕೆಲವೇ ಗಂಟೆಗಳಲ್ಲಿ ತೆಗೆದ ಗೀತಚಿತ್ರದಲ್ಲಿ ಆ ಹೊದಿಕೆಗೆ ಜೀವ ಬಂದಿತು. ಈ ಚಿತ್ರ ಬೇಕಾದದ್ದಾದರೂ ಏತಕ್ಕೆ? ಸುಮಾರು ಆರು ನಿಮಿಷಗಳ ಆ ಹಾಡಿನ ನಡುವೆ, ಧ್ವನಿಯ ಮೇಲೆ ಧ್ವನಿಯನ್ನು ಹೇರಿ ಕಟ್ಟಿದ ಅಪೆರಾದಂಥ ಒಂದು ಭಾಗವಿದೆ. ನಾಲ್ಕೇ ಜನ ದೂರದರ್ಶನದ ವೇದಿಕೆಯಲ್ಲಿ ನಿಂತು ಅದಕ್ಕೆ ತುಟಿ ಆಡಿಸಿದರೆ ನಗೆಪಾಟಲಾಗುತ್ತಿತ್ತು. ಆದ್ದರಿಂದ ಹಾಡಿನ ಅಂಗಗಳಿಗೆ ಸರಿಯಾಗಿ ಚಿತ್ರವೂ ತನ್ನ ರೀತಿಯನ್ನು ಬದಲಿಸುತ್ತದೆ: ಶಾಂತವಾದ ಭಾಗದಲ್ಲಿ ಸಂಗೀತಕಛೇರಿಯ ದೃಶ್ಯ, ಅಪೆರಾದ ಭಾಗ ಬಂದೊಡನೆ ಕತ್ತಲಲ್ಲಿ ತೇಲುವ ಮುಖಗಳು, ಗಿಟಾರು ಗುಡುಗಿದೊಡನೆ ಮತ್ತೆ ವೇದಿಕೆ. ಒಂದು ಮುಖ ಹಲವಾಗಿ ಕಾಣುವುದಕ್ಕೆ ಪಟ್ಟಕವುಳ್ಳ ಗಾಜನ್ನು ಬಳಸಿದರು. ಮುಖವು ತನ್ನ ಹಿಂದೆ ತನ್ನದೇ ಸಾಲನ್ನು ಎಳೆದುಕೊಂಡು ದೂರಕ್ಕೆ ಸರಿಯುವಂತೆ ಮಾಡುವುದಕ್ಕೆ ಕ್ಯಾಮರಾವನ್ನು ಅದರದೇ ಚಿತ್ರ ಮೂಡುತ್ತಿದ್ದ ಪರದೆಯ ಕಡೆಗೆ ತಿರುಗಿಸಿದರು. ಧ್ವನಿಮುದ್ರಣದಲ್ಲಿ ಕೆಲವೇ ಕಂಠಗಳು ದೊಡ್ಡ ಗಾನಮೇಳವಾದದ್ದು ಹೇಗೋ ಇಲ್ಲಿ ಕೆಲವೇ ಮುಖಗಳು ದೊಡ್ಡ ಸಮೂಹವಾದದ್ದೂ ಹಾಗೆಯೇ. ಕಿವಿ ಕೇಳಿದ ಉಪಾಯವನ್ನು ಕಣ್ಣು ಕಂಡಿತು. ಅಗ್ಗದ ಉಪಕರಣಗಳಿಂದಾದ ಈ ಕೆಲಸವನ್ನು ಆಮೇಲಿನ ಎಷ್ಟೋ ದುಬಾರಿಯ ಪ್ರಯತ್ನಗಳು ಮುಟ್ಟಿಲ್ಲ.

ಹೆಚ್ಚು ಶ್ರಮವಾದುದೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬಾರದು. ನಾರ್ವೆಯ ಆ-ಹಾ ತಂಡದ 'ಟೇಕ್ ಆನ್ ಮಿ' ಹಾಡಿಗೆ ಮೊದಲೊಂದು ಚಿತ್ರ ಬಂದು ಯಾರ ಗಮನವನ್ನೂ ಸೆಳೆಯದೆ ಹೋಗಿದ್ದಿತು. 1985ರಲ್ಲಿ ಸ್ಟೀವ್ ಬ್ಯಾರನ್ ಇನ್ನೊಂದನ್ನು ಮಾಡಿದನು. ಕಾಫಿ ಹೋಟೆಲಿನಲ್ಲಿ ಒಬ್ಬಳು ಹುಡುಗಿ ಚಿತ್ರಕಥೆಯ ಪುಸ್ತಕ ಓದುತ್ತಿದ್ದಾಳೆ. ಪೆನ್ಸಿಲಿನ ಗೆರೆಗಳಲ್ಲಿ ಬರೆದ ಕೈಯೊಂದು ಪುಟದಿಂದ ಹೊರಚಾಚಿ ಅವಳನ್ನು ಒಳಕ್ಕೆ ಕರೆಯುತ್ತದೆ. ನಟರನ್ನು ಚಿತ್ರೀಕರಿಸಿ, ಒಂದೊಂದು ಫ್ರೇಮಿನ ಮೇಲೂ ಕೈಯಿಂದ ರೇಖೆಗಳನ್ನು ಬರೆಯುವ ಈ ವಿಧಾನಕ್ಕೆ ರೋಟೊಸ್ಕೋಪ್ ಎಂದು ಹೆಸರು. ಮ್ಯಾಕ್ಸ್ ಫ್ಲೈಷರ್ ಎಂಬವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಇದನ್ನು ಕಂಡುಹಿಡಿದಿದ್ದರು. ಮೈಕಲ್ ಪ್ಯಾಟರ್‌ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಈ ಹಾಡಿಗಾಗಿ ಸುಮಾರು 3,000 ಫ್ರೇಮುಗಳನ್ನು 16 ವಾರಗಳ ಕಾಲ ಕುಳಿತು ಬರೆದರು. ಇದರಲ್ಲಿ ನನಗೆ ಬಹು ಮೆಚ್ಚಿಗೆಯಾದದ್ದು ಆ ಹುಡುಗಿಯೂ ಚಿತ್ರಕಥೆಯ ನಾಯಕನೂ ಒಂದು ಖಾಲಿ ಚೌಕಟ್ಟಿನ ಎರಡು ಬದಿಗಳಲ್ಲಿ ನಿಂತಿರುವ ಭಾಗ. ಕ್ಯಾಮರಾ ಸುತ್ತುತ್ತದೆ, ಚೌಕಟ್ಟಿನ ಒಳಗೆ ಕಂಡಾಗ ರಕ್ತಮಾಂಸದ ಮನುಷ್ಯರು, ಹೊರಗೆ ಕಂಡಾಗ ಪೆನ್ಸಿಲಿನ ಗೆರೆಗಳು. ಗೆರೆಗಳೋ ಒಂದು ಕ್ಷಣವೂ ಸ್ಥಿರವಾಗಿ ನಿಲ್ಲದೆ ನಡುಗುತ್ತಿರುತ್ತವೆ, ಏಕೆಂದರೆ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆದಿದೆ. ಹಾಡಿನ ಪಲ್ಲವಿಯಲ್ಲಿ ಕಂಠವು ಮೆಟ್ಟಿಲು ಮೆಟ್ಟಿಲಾಗಿ ಏರಿ, ಪುರುಷಕಂಠದ ಎಲ್ಲೆಯನ್ನು ದಾಟಿ, ಕಳ್ಳದನಿಯ ಒಂದು ತುದಿಯಲ್ಲಿ ತೆಳ್ಳಗೆ ನಿಲ್ಲುತ್ತದೆ. ಆ ಸ್ವರವೂ ಹಾಗೆಯೇ ನಡುಗುವಂಥದು, ಎಲ್ಲಿ ಅಳಿಸಿಹೋಗುವುದೋ ಎಂಬ ಶಂಕೆಯನ್ನು ಹುಟ್ಟಿಸುವಂಥದು. ಗೆರೆಗೂ ಸ್ವರಕ್ಕೂ ಇರುವ ಈ ಸಾಜಾತ್ಯವನ್ನು ಕಂಡಮೇಲೆ ಹಾಡನ್ನು ಬರಿದೆ ಕೇಳುವಾಗಲೂ ಆ ಸ್ವರ ಮೊದಲಿಗಿಂತ ಸ್ಪಷ್ಟವಾಗುತ್ತದೆ.

ಇದೇ ಬ್ಯಾರನ್ 1983ರಲ್ಲಿ ಮೈಕಲ್ ಜಾಕ್ಸನ್‌ನ 'ಬಿಲ್ಲಿ ಜೀನ್' ಹಾಡಿನಲ್ಲಿ, ಗಾಯಕನು ಕಾಲಿಟ್ಟಲ್ಲೆಲ್ಲ ಬೀದಿಯ ಕಲ್ಲು ಬೆಳಗುವಂತೆ ಮಾಡಿದ್ದನು. ಹೆಜ್ಜೆಯೇ ಆ ಹಾಡಿನ ಮಂದ್ರದ ನಡೆ. ಅದೇ ವರ್ಷ ಜಾನ್ ಲ್ಯಾಂಡಿಸ್ ನಿರ್ದೇಶಿಸಿದ 'ಥ್ರಿಲ್ಲರ್' ಇದಕ್ಕಿಂತ ಎಷ್ಟೋ ಪಾಲು ಪ್ರಸಿದ್ಧವಾಯಿತು. ಸುಮಾರು 14 ನಿಮಿಷಗಳ ಆ ಚಿತ್ರವನ್ನು ಗೀತಚಿತ್ರಗಳ ಮಹಾಕಾವ್ಯವೆಂದು ಹೊಗಳುವವರು ಬಹಳ ಮಂದಿ. ನಾನು ಅವರ ಗುಂಪಿಗೆ ಸೇರಿದವನಲ್ಲ. ಹಾಡಿನ ಚರಣಗಳನ್ನೆಲ್ಲ ಒಂದರ ಹಿಂದೆ ಒಂದಾಗಿ ಜೋಡಿಸಿ ನಾಯಕನ ನಡಿಗೆಗೆ ಹೊಂದಿಸಿ, ಪಲ್ಲವಿಯನ್ನು ಕಿತ್ತು ಪಿಶಾಚಿಗಳ ಕುಣಿತದವರೆಗೂ ಕಾಯ್ದಿಟ್ಟಿದ್ದಾರೆ. ಪಲ್ಲವಿಗೂ ಚರಣಕ್ಕೂ ಇರುವ ಕೊಡುಕೊಳೆಯೇ ಹಾಡೆಂಬುದರ ಉಸಿರಾದ್ದರಿಂದ, ಅದನ್ನು ಮುರಿದು ಕಥೆಗೆ ಒಗ್ಗಿಸಿಕೊಂಡ ಮೇಲೆ ಉಳಿಯುವುದು ಒಂದು ಸೊಗಸಾದ ಕಿರುಚಿತ್ರ. ರಿಕ್ ಬೇಕರ್‌ನ ವೇಷರಚನೆಗೂ ಆ ನೃತ್ಯದ ಬಿಗಿಗೂ ನಾನು ತಲೆಬಾಗುತ್ತೇನೆ. ಹಾಡಿನ ಪರವಾಗಿ ಮಾತ್ರ ಒಂದು ದೂರು ದಾಖಲಾಗಿರಲಿ.

ಕಂಪನಿಯೆಂಬ ಯಜಮಾನನ ಅಪ್ಪಣೆಯಾದ ಮುಖದ ಕ್ಲೋಸಪ್ಪಿನ ವಿಚಾರಕ್ಕೆ ಬಂದರೆ, ಅದನ್ನು ಅಕ್ಷರಶಃ ಪಾಲಿಸಿಯೇ ಅದರಿಂದ ಮುಕ್ತಿ ಪಡೆದವಳು ಐರ್ಲೆಂಡಿನ ಶಿನೇಡ್ ಓಕಾನರ್. ಪ್ರಿನ್ಸ್ ರಚಿಸಿದ 'ನಥಿಂಗ್ ಕಂಪೇರ್ಸ್ ಟು ಯು' ಎಂಬ ಹಾಡಿಗೆ ಜಾನ್ ಮೇಬರಿ 1990ರಲ್ಲಿ ಮಾಡಿದ ಚಿತ್ರದಲ್ಲಿ, ಪ್ಯಾರಿಸಿನ ಸೇಂಟ್ ಕ್ಲೂ ಉದ್ಯಾನದ ಕೆಲವು ದೃಶ್ಯಗಳನ್ನು ಬಿಟ್ಟರೆ, ಇರುವುದೆಲ್ಲ ಒಂದು ಮುಖ. ಕ್ಷೌರ ಮಾಡಿದ ತಲೆ, ಕಪ್ಪು ಉಡುಪು, ಕಪ್ಪು ಹಿನ್ನೆಲೆ. ಕುತ್ತಿಗೆಯ ಕೆಳಗೆ ದೇಹವಿದೆಯೆಂಬುದೇ ಮರೆತುಹೋಗುತ್ತದೆ. ಕಂಪನಿಗಳು ಬಯಸುವ ಮುಖ ಅಲಂಕಾರದ ಮುಖ, ನೋಡಿಸಿಕೊಳ್ಳುವ ಮುಖ. ಈ ಮುಖವೋ ನಮ್ಮನ್ನೇ ನೋಡುತ್ತಿರುತ್ತದೆ, ಮತ್ತು ಕಣ್ಣು ತಪ್ಪಿಸುವುದಕ್ಕೆ ನಮಗೆ ಹೆಚ್ಚು ಅವಕಾಶವನ್ನು ಕೊಡುವುದಿಲ್ಲ. ಕಡೆಯ ಭಾಗದಲ್ಲಿ ತಾಯಿಯ ಮಾತು ಬಂದಾಗ ಎರಡು ಹನಿ ಕಣ್ಣೀರು ಇಳಿಯುತ್ತದೆ. ಅದು ಯೋಜಿಸಿದ್ದಲ್ಲ, ಅಪಘಾತದಲ್ಲಿ ತೀರಿಹೋಗಿದ್ದ ತನ್ನ ತಾಯಿಯನ್ನು ನೆನೆದು ಬಂದದ್ದು ಎಂದು ಆಕೆಯೇ ಆಮೇಲೆ ತಿಳಿಸಿದಳು. ಇಲ್ಲಿ ತುಟಿಯೂ ಕಂಠವೂ ನಿಜವಾಗಿ ಕೂಡಿವೆ. ಇದರ ಪಕ್ಕದಲ್ಲಿ ರಾಬರ್ಟ್ ಪಾಮರ್‌ನ 1986ರ 'ಅಡಿಕ್ಟೆಡ್ ಟು ಲವ್' ಚಿತ್ರವನ್ನು ಇಟ್ಟು ನೋಡಬೇಕು: ಒಂದೇ ಅಚ್ಚಿನ ಪ್ರಸಾಧನ, ಒಂದೇ ಬಗೆಯ ಕಪ್ಪು ಉಡುಪು, ನಿರ್ಭಾವವಾದ ಮೋರೆ, ಕೈಯಲ್ಲಿ ನುಡಿಸಲು ಬಾರದ ವಾದ್ಯಗಳು, ಹೀಗೆ ಐವರು ತರುಣಿಯರನ್ನು ಗಾಯಕನ ಹಿಂದೆ ಪೀಠೋಪಕರಣಗಳಂತೆ ನಿಲ್ಲಿಸಿದೆ. ಹೆಣ್ಣನ್ನು ಹೀಗೆ ಅಲಂಕಾರಸಾಮಗ್ರಿಯಾಗಿ ಜೋಡಿಸುವುದು ಈ ಕಲೆಯ ಅತ್ಯಂತ ಹಳೆಯ, ಅತ್ಯಂತ ಸೋಮಾರಿ ಸಂಪ್ರದಾಯ. 1999ರಲ್ಲಿ ಶನಾಯ ಟ್ವೇನ್ ಎಂಬ ಗಾಯಕಿ ತನ್ನ ಹಿಂದೆ ಗಂಡಸರನ್ನು ಅದೇ ರೀತಿ ನಿಲ್ಲಿಸಿ ಅಣಕಿಸಿದಳು. ನಗು ಬಂತು, ನಿಜ, ಚೌಕಟ್ಟು ಬದಲಾಗಲಿಲ್ಲ.

ಇನ್ನು ನಾನು ಈ ಕಲೆಯ ಪರಮಾವಧಿಯೆಂದು ಭಾವಿಸುವ ಒಬ್ಬ ನಿರ್ದೇಶಕನ ಮಾತು. ಫ್ರಾನ್ಸಿನ ಮಿಶೆಲ್ ಗೊಂಡ್ರಿ 1997ರಲ್ಲಿ ಡಾಫ್ಟ್ ಪಂಕ್ ಜೋಡಿಯ 'ಅರೌಂಡ್ ದಿ ವರ್ಲ್ಡ್' ಎಂಬ ಹಾಡನ್ನು ಕೈಗೆತ್ತಿಕೊಂಡನು. ಅದರಲ್ಲಿ ಸಾಹಿತ್ಯವೆಂಬುದು ಮೂರೇ ಪದ, ಅವು ಯಂತ್ರಕಂಠದಲ್ಲಿ ಕೊನೆಯಿಲ್ಲದೆ ಮರಳುತ್ತಿರುತ್ತವೆ. ಅರ್ಥವನ್ನು ಹಿಡಿದು ಹೊರಟರೆ ನಿರ್ದೇಶಕನಿಗೆ ಉಪವಾಸವೇ ಗತಿ. ಗೊಂಡ್ರಿ ಅರ್ಥವನ್ನು ಕೈಬಿಟ್ಟು ವಾದ್ಯಗಳನ್ನು ಹಿಡಿದನು. ದೊಡ್ಡದೊಂದು ದುಂಡು ಜಗಲಿ. ಅದರ ಮೇಲೆ ಐದು ಪಂಗಡದ ನರ್ತಕರು. ಯಂತ್ರಮಾನವರು ಹಾಡಿನ ಕಂಠ, ಎತ್ತರದ ಆಟಗಾರರು ಮಂದ್ರದ ಗಿಟಾರು, ಅದರ ಸ್ವರ ಏರಿದಾಗ ಮೆಟ್ಟಿಲು ಏರುತ್ತಾರೆ, ಇಳಿದಾಗ ಇಳಿಯುತ್ತಾರೆ, ಈಜುಗಾತಿಯರಂತೆ ಉಡುಪು ತೊಟ್ಟ ಹೆಂಗಸರು ಕೀಬೋರ್ಡು, ಅಸ್ಥಿಪಂಜರಗಳು ಗಿಟಾರು, ಬಟ್ಟೆ ಸುತ್ತಿದ ಮಮ್ಮಿಗಳು ತಾಳಯಂತ್ರ. ಬ್ಲಾಂಕಾ ಲಿ ಎಂಬ ನೃತ್ಯಸಂಯೋಜಕಿ ಪ್ರತಿಯೊಂದು ಪಂಗಡಕ್ಕೂ ಅದರದರ ವಾದ್ಯದ ನಡೆಯನ್ನೇ ನಡಿಗೆಯಾಗಿ ಕೊಟ್ಟಳು. ಒಂದು ವಾದ್ಯ ನಿಂತರೆ ಆ ಪಂಗಡ ನಿಲ್ಲುತ್ತದೆ, ಮತ್ತೆ ಬಂದರೆ ಚಲಿಸುತ್ತದೆ. ಇಂಥ ಸಂಗೀತವೆಲ್ಲ ಒಂದೇ ಗದ್ದಲವೆಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಇದ್ದಾರಷ್ಟೆ. ಅವರನ್ನು ನಾಲ್ಕು ನಿಮಿಷ ಇದರ ಮುಂದೆ ಕುಳ್ಳಿರಿಸಿದರೆ, ಯಾವ ದನಿ ಯಾವಾಗ ಬಂದಿತು, ಯಾವುದು ಯಾವುದರೊಡನೆ ಕೂಡಿತು ಎಂಬುದನ್ನು ಅವರು ಬೆರಳಿಟ್ಟು ತೋರಿಸಬಲ್ಲವರಾಗುತ್ತಾರೆ.

ಅದಾದ ಮೇಲೆ ಕೆಮಿಕಲ್ ಬ್ರದರ್ಸ್ ಎಂಬ ಇಂಗ್ಲಿಷ್ ಜೋಡಿಯ 'ಸ್ಟಾರ್ ಗಿಟಾರ್' ಹಾಡಿಗೆ ಆತ ಮಾಡಿದ ಚಿತ್ರದಲ್ಲಿ ನರ್ತಕರನ್ನೂ ಬಿಟ್ಟನು. ರೈಲಿನ ಕಿಟಕಿಯಿಂದ ಕಾಣುವ ನೋಟವಲ್ಲದೆ ಅದರಲ್ಲಿ ಮತ್ತೇನೂ ಇಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವ ಯಾವ ಹುಡುಗನೂ ಓಡಿಹೋಗುವ ತಂತಿಕಂಬಗಳಿಗೆ ಮನಸ್ಸಿನಲ್ಲಿಯೇ ತಾಳ ಹಾಕದೆ ಇರುವುದಿಲ್ಲ. ಆ ಬಾಲ್ಯದ ವ್ಯಾಪಾರವನ್ನೇ ಗೊಂಡ್ರಿ ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದ್ದಾನೆ. ಮೊದಮೊದಲು ನಾವು ಸುಮ್ಮನೆ ಊರು ಹೊಲಗಳನ್ನು ನೋಡುತ್ತಿರುತ್ತೇವೆ. ಕ್ರಮೇಣ ಏನೋ ಒಂದು ಸಂಶಯ: ಡೋಲಿನ ಪೆಟ್ಟು ಬಿದ್ದಾಗಲೆಲ್ಲ ಒಂದು ಕಂಬ ಹಾಯುತ್ತದೆ, ಒಂದೇ ಆಕಾರದ ಕಟ್ಟಡ ಮತ್ತೆ ಮತ್ತೆ ಬರುತ್ತದೆ, ಹೊಸ ದನಿಯೊಂದು ಕೂಡಿದರೆ ಕಿಟಕಿಯಲ್ಲಿ ಹೊಸ ವಸ್ತುವೊಂದು ಕೂಡುತ್ತದೆ. ಇದಕ್ಕಾಗಿ ಗೊಂಡ್ರಿ ಫ್ರಾನ್ಸಿನ ನೀಮ್ ಮತ್ತು ವಾಲಾನ್ಸ್ ಊರುಗಳ ನಡುವಣ ರೈಲುದಾರಿಯನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಹಲವು ಸಲ ಚಿತ್ರಿಸಿ, ಹಾಡಿನ ದನಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತು ಹಾಕಿ, ಕಿತ್ತಳೆಹಣ್ಣು, ಪುಸ್ತಕ, ಲೋಟ, ಬೂಟುಗಳನ್ನು ಸಾಲಾಗಿಟ್ಟು ಲೆಕ್ಕ ಸರಿಮಾಡಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಕಂಬ ಕಟ್ಟಡಗಳನ್ನು ಅವುಗಳ ಜಾಗಕ್ಕೆ ತಂದು ಕೂಡಿಸಿದನು. ಇಷ್ಟು ಶ್ರಮದ ಗುರುತು ಒಂದಾದರೂ ಚಿತ್ರದಲ್ಲಿ ಕಾಣುವುದಿಲ್ಲ.

ಈಗ ಗೀತಚಿತ್ರಗಳು ಹೆಚ್ಚಾಗಿ ನೋಡಲ್ಪಡುವುದು ಅಂಗೈಯಗಲದ ಮೊಬೈಲ್ ಪರದೆಯ ಮೇಲೆ. ಪರದೆ ಕುಗ್ಗಿದಷ್ಟೂ ಮುಖ ಹಿಗ್ಗುವುದೂ, ಮೊದಲ ಕೆಲವು ಸೆಕೆಂಡುಗಳಲ್ಲಿಯೇ ಕಣ್ಣನ್ನು ಹಿಡಿದು ನಿಲ್ಲಿಸಬೇಕೆಂಬ ಆತುರವೂ ಸಹಜವಾಗಿಯೇ ಹೆಚ್ಚಿವೆ. ನಮ್ಮ ಕನ್ನಡದ ಹೊಸ ಗಾಯಕರೂ ತಂಡಗಳೂ ಈ ಆತುರದಿಂದ ಹೊರತಾಗಿಲ್ಲ. ಡ್ರೋನ್ ಕ್ಯಾಮರಾ ಸುಲಭವಾಗಿ ಸಿಗುವಂತಾದ ಮೇಲೆ, ಹಾಡು ಯಾವುದೇ ಇರಲಿ, ಆಕಾಶದಿಂದ ಒಂದು ಬೆಟ್ಟ, ಒಂದು ಜಲಪಾತ ಕಾಣಿಸಿಕೊಳ್ಳದೆ ಬಿಡುವುದಿಲ್ಲ. ಬೆಟ್ಟದ ಮೇಲೆ ನನಗೆ ದ್ವೇಷವಿಲ್ಲ. ಹಾಡಿನ ಯಾವ ದನಿ ಅದನ್ನು ಕರೆಯಿತು ಎಂದು ಮಾತ್ರ ಕೇಳಬೇಕೆನಿಸುತ್ತದೆ.

ಆದ್ದರಿಂದ ಶ್ರೋತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮಗೆ ಪ್ರಿಯವಾದ ಒಂದು ಗೀತಚಿತ್ರವನ್ನು ಮೊದಲು ಧ್ವನಿಯನ್ನು ಪೂರ್ತಿ ಅಡಗಿಸಿ ನೋಡಿ, ಆಮೇಲೆ ಚಿತ್ರವನ್ನು ಮುಚ್ಚಿ ಹಾಡನ್ನು ಮಾತ್ರ ಕೇಳಿ. ನೋಡುವುದಕ್ಕೆ ಮುಂಚೆ ಕೇಳಿಸದೆ ಇದ್ದ ಒಂದು ದನಿ ಈಗ ಕೇಳಿಸಿದರೆ ಆ ನಿರ್ದೇಶಕನು ತನ್ನ ಕೆಲಸವನ್ನು ಮಾಡಿದ್ದಾನೆಂದು ತಿಳಿಯಿರಿ; ಏನೂ ಕೇಳಿಸದೆ, ಗಾಯಕಿಯ ಉಡುಪು ಮಾತ್ರ ನೆನಪಾದರೆ, ಕಂಪನಿ ತನ್ನ ಕೆಲಸವನ್ನು ಮಾಡಿಕೊಂಡಿದೆ. ಈವರೆಗೆ ಹೇಳಿದ ಗೀತಚಿತ್ರಗಳಲ್ಲಿ ಒಂದನ್ನು ಮಾತ್ರ ನೋಡುವಷ್ಟು ಬಿಡುವಿದೆ ಎನ್ನುವವರಿಗೆ ನಾನು 'ಸ್ಟಾರ್ ಗಿಟಾರ್' ಹೆಸರನ್ನೇ ಹೇಳುತ್ತೇನೆ. ಅದರಲ್ಲಿ ಗಾಯಕನ ಮುಖವಿಲ್ಲ, ಕಥೆಯಿಲ್ಲ, ಕುಣಿತವಿಲ್ಲ. ಹಾಡು ಮಾತ್ರ ಮೊದಲಿನಿಂದ ಕೊನೆಯವರೆಗೆ ಕಣ್ಣಿಗೆ ಕಾಣುತ್ತದೆ.